ಅಷ್ಟು ಅಪರೂಪದ ಕಂಪ್ಯೂಟರನ್ನು ಯಾಕೆ ಬಿಚ್ಚುತ್ತೀರಿ?

ಹಳೇ ಕಂಪ್ಯೂಟರ್ ಒಂದನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದ ಫೋಟೋ ತೋರಿಸಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. "ಅಯ್ಯೋ, ಯಾಕೆ ಬಿಚ್ಚಿದ್ರಿ? ಸುಮ್ನೆ ಹಾಗೇ ಇಟ್ಟಿದ್ರೆ ಚೆನ್ನಾಗಿರ್ತಿತ್ತಲ್ವಾ?"

ನಾನು ಬಿಚ್ಚುವುದು 1980ರ ದಶಕದ, 90ರ ಶುರುವಿನ ಮನೆ ಕಂಪ್ಯೂಟರ್‌ಗಳನ್ನು. ಕೀಬೋರ್ಡಿನ ಡಬ್ಬಿಯೊಳಗೇ ಇಡೀ ಯಂತ್ರ ಅಡಗಿರುತ್ತಿತ್ತಲ್ಲ, ಟಿವಿಗೆ ಸಿಕ್ಕಿಸಿ ಬಳಸುತ್ತಿದ್ದರಲ್ಲ, ಆ ಜಾತಿ. ಬಿಚ್ಚುತ್ತೇನೆ, ಫೋಟೋ ತೆಗೆಯುತ್ತೇನೆ, ಯಾವ ಚಿಪ್ ಎಲ್ಲಿದೆ, ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಬರೆದಿಡುತ್ತೇನೆ, ಮತ್ತೆ ಜೋಡಿಸುತ್ತೇನೆ. ಹಾಗೇ ಇಟ್ಟರೆ ಚೆನ್ನಾಗಿರುತ್ತದೆ ಅನ್ನುವ ಲೆಕ್ಕವೇ ತಪ್ಪು. ಅದಕ್ಕೇ ಬಿಚ್ಚುವುದು.

1991ರ ಅಮಿಗಾ 500 ಪ್ಲಸ್ ತಗೊಳ್ಳಿ. ಗಡಿಯಾರ ನಡೆಯಲೆಂದು ಅದರಲ್ಲಿ ಒಂದು ಪುಟ್ಟ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದೆ. ಅದನ್ನು ಬೋರ್ಡಿಗೇ ಬೆಸೆದಿದ್ದಾರೆ. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಒಳಗಿನ ಕ್ಷಾರ ತಾಮ್ರದ ಗೆರೆಗಳಗುಂಟ ಹರಿದು, ಬೋರ್ಡಿನ ಹಸಿರು ಲೇಪದ ಅಡಿಗೆ ನುಗ್ಗಿ, ಎಲ್ಲವನ್ನೂ ತಿನ್ನುತ್ತದೆ. ಹೊರಗೆ ಡಬ್ಬಿ ಫಳಫಳ ಹೊಳೆಯುತ್ತಿರುತ್ತದೆ. ಮುಚ್ಚಳ ತೆಗೆದರೆ ಕಿಲುಬು. ಚಿಮಟದಲ್ಲಿ ಹಾಗೆ ಮುಟ್ಟಿದರೆ ಸಾಕು, ಚಿಪ್ಪಿನ ಕಾಲು ಪುಡಿಯಾಗಿ ಉದುರುತ್ತದೆ. "ಇದನ್ನು ಒಮ್ಮೆಯೂ ಬಳಸಿಲ್ಲ, ಹೊಚ್ಚ ಹೊಸದು" ಎಂದು ಯಾರಾದರೂ ಹೇಳಿದರೆ ನನಗೆ ಭಯ ಜಾಸ್ತಿಯಾಗುತ್ತದೆ. ಬಳಸಿಲ್ಲ ಅಂದರೆ ಯಾರೂ ಒಳಗೆ ಇಣುಕಿಯೂ ಇಲ್ಲ ಎಂದೇ ಅರ್ಥ. ಬೇಗ ಕಂಡುಬಂದರೆ ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್ ಸವರಿ ಕ್ಷಾರವನ್ನು ಕೊಂದು, ತೊಳೆದು ಒಣಗಿಸಿ ಉಳಿಸಿಕೊಳ್ಳಬಹುದು.

"ಬಿಚ್ಚೋದು ಬೇಡ, ಮೊದಲು ಆನ್ ಮಾಡಿ ನೋಡಿ" ಅನ್ನುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಕಮೋಡೋರ್ 64ರ ಹಳೇ ಪವರ್ ಸಪ್ಲೈ ಕೆಟ್ಟರೆ ಸುಮ್ಮನೆ ಸಾಯುವುದಿಲ್ಲ. 5 ವೋಲ್ಟ್ ಬರಬೇಕಾದ ಕಡೆ ಹೆಚ್ಚು ವೋಲ್ಟ್ ನುಗ್ಗಿಸಿ ಮೆಮೊರಿ ಚಿಪ್‌ಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಬಿಬಿಸಿ ಮೈಕ್ರೋದ ಪವರ್ ಸಪ್ಲೈನಲ್ಲಿರುವ ಹಳೇ ಕೆಪಾಸಿಟರ್ ಅಂತೂ ಬಿರುಕು ಬಿಟ್ಟು ತೇವ ಎಳೆದುಕೊಂಡು ಕೂತಿರುತ್ತದೆ. ಕರೆಂಟ್ ಕೊಟ್ಟರೆ ಸಿಡಿದು ಕೋಣೆ ತುಂಬ ಹೊಗೆ.

ಬ್ಯಾಟರಿಗಿಂತ ನನ್ನ ನಿದ್ದೆ ಕೆಡಿಸುವುದು ಇಪ್ರಾಮ್, ಅಂದರೆ ಯಂತ್ರದ ಪ್ರೋಗ್ರಾಮ್ ಬರೆದಿಟ್ಟ, ಬೇಕಾದರೆ ಅಳಿಸಬಹುದಾದ ಚಿಪ್. ಚಿಪ್ಪಿನ ನಡುವೆ ಒಂದು ದುಂಡನೆಯ ಗಾಜಿನ ಕಿಟಕಿ ಇರುತ್ತದೆ. ಇಣುಕಿದರೆ ಒಳಗಿನ ಸಿಲಿಕಾನ್ ತುಣುಕು, ಅದಕ್ಕೆ ಕಟ್ಟಿದ ಕೂದಲೆಳೆಯಂಥ ತಂತಿಗಳು ಕಾಣುತ್ತವೆ. ನೋಡಲು ಬಹಳ ಚಂದ. ಆದರೆ ಆ ಕಿಟಕಿ ಇರುವುದೇ ಅಳಿಸಲಿಕ್ಕೆ. ಅತಿನೇರಳೆ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಮ್ ಹೋಗುತ್ತದೆ. ಬಿಸಿಲಿಗಿಟ್ಟರೆ ಸುಮಾರು 1 ವಾರ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು 3 ವರ್ಷ ಎಂದು ಇಂಟೆಲ್‌ನ ಡೇಟಾಶೀಟೇ ಹೇಳುತ್ತದೆ. ಅದಕ್ಕೇ ಕಿಟಕಿಯ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಸಾವಿರಾರು ಯಂತ್ರ ಮಾಡುವಾಗ ಕಂಪನಿಗಳು ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿದ ರೋಮ್ (ROM) ಚಿಪ್ ಬಳಸುತ್ತಿದ್ದವು; ಅದರಲ್ಲಿ ಬರೆದದ್ದು ಬೆಳಕಿಗೆ ಅಳಿಯುವುದಿಲ್ಲ. ಮಾದರಿ ಯಂತ್ರಗಳಿಗೆ, ಹತ್ತಿಪ್ಪತ್ತು ಮಾಡಿ ನಿಲ್ಲಿಸಿದವಕ್ಕೆ, ಇಪ್ರಾಮೇ ಗತಿ. ಹಾಗಾಗಿ ಯಂತ್ರ ಅಪರೂಪವಾದಷ್ಟೂ ಅದರ ಪ್ರೋಗ್ರಾಮ್ ಅಳಿದುಹೋಗುವ ಭಯ ಜಾಸ್ತಿ. ಸಿಕ್ಕ ದಿನವೇ ಚಿಪ್ ತೆಗೆದು, ಮೂರು ಸಲ ಓದಿಸಿ, ಮೂರೂ ಒಂದೇ ಥರ ಬಂದವೇ ಎಂದು ಹೋಲಿಸಿ, ಪ್ರತಿ ಇಟ್ಟುಕೊಂಡ ಮೇಲೇ ನನಗೆ ಸಮಾಧಾನ.

ಇದರಲ್ಲಿ ನಾನೂ ಎಡವಿದ್ದೇನೆ. ಒಂದು ಬೋರ್ಡಿನಲ್ಲಿ ಮೂರು ಇಪ್ರಾಮ್ ಇದ್ದವು. ಪೆನ್ನಿನಲ್ಲಿ 1, 2, 3 ಎಂದು ಬರೆದ ಸ್ಟಿಕ್ಕರ್‌ಗಳ ಅಂಟು ಒಣಗಿಹೋಗಿತ್ತು. ಫೋಟೋ ತೆಗೆಯದೆ ಮೂರನ್ನೂ ಕಿತ್ತೆ. ಸ್ಟಿಕ್ಕರ್‌ಗಳು ಒಟ್ಟಿಗೇ ಉದುರಿದವು. ಈಗ ಯಾವುದು ಯಾವ ಸಾಕೆಟ್ಟಿನದು? ಪುಣ್ಯಕ್ಕೆ ಅದು ಝಡ್80 ಎಂಬ ಪ್ರೊಸೆಸರ್ ಇರುವ ಯಂತ್ರ. ಝಡ್80 ಆನ್ ಆದ ತಕ್ಷಣ 0ನೇ ವಿಳಾಸದಿಂದ ಓದಲು ಶುರುಮಾಡುತ್ತದೆ. ಮೂರರಲ್ಲಿ ಒಂದರ ಮೊದಲ ಬೈಟ್ ಎಫ್3, ಅಂದರೆ "ಇಂಟರಪ್ಟ್ ನಿಲ್ಲಿಸು" (ನಡುವೆ ಬಂದು ಕೆಲಸ ತಡೆಯುವ ಸಂಕೇತಗಳನ್ನು ಕೇಳಬೇಡ) ಅನ್ನುವ, ಯಂತ್ರ ಶುರುವಾಗುವಾಗ ಮೊದಲಿಗೇ ಕೊಡುವಂಥ ಆದೇಶ. ಅಲ್ಲಿಗೆ ಮೊದಲನೆಯದು ಗೊತ್ತಾಯಿತು. ಅದರಿಂದ ಹೊರಡುವ ಜಿಗಿತಗಳು ಯಾವ ಚಿಪ್ಪಿನಲ್ಲಿ ಸರಿಯಾದ ಜಾಗಕ್ಕೆ ಬೀಳುತ್ತವೆ ಎಂದು ನೋಡುತ್ತಾ ಉಳಿದೆರಡನ್ನು ಹೊಂದಿಸಲು ಎರಡು ರಾತ್ರಿ ಬೇಕಾಯಿತು. ಒಂದು ಫೋಟೋ ತೆಗೆದಿದ್ದರೆ ಎರಡು ಸೆಕೆಂಡಿನ ಕೆಲಸ.

ಬಿಚ್ಚುವಾಗ ಅವಸರ ಮಾಡಬಾರದು, ಅಷ್ಟೇ. ಒಂದು ರಟ್ಟಿನ ಮೇಲೆ ಡಬ್ಬಿಯ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅವವೇ ಇದ್ದ ಜಾಗದಲ್ಲಿ ಚುಚ್ಚಿಡುತ್ತೇನೆ. ಉದ್ದದ್ದು, ಗಿಡ್ಡದ್ದು ಅದಲುಬದಲಾದರೆ ಬೋರ್ಡ್ ತೂತಾಗುತ್ತದೆ. ಮತ್ತೆ ಹಾಕುವಾಗ ಮೊದಲು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. "ಟಿಕ್" ಎಂದು ಹಳೇ ಮರೆಯಲ್ಲಿ (ಸ್ಕ್ರೂ ಕೊರೆದ ಸುರುಳಿ ಗೆರೆಯಲ್ಲಿ) ಕೂರುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಬಿಗಿ ಮಾಡಿ. ನೇರವಾಗಿ ಒತ್ತಿ ತಿರುಗಿಸಿದರೆ ಹಳೇ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆದು, ಕೊನೆಗೆ ಯಾವುದೂ ಹಿಡಿಯುವುದಿಲ್ಲ. ಝಡ್‌ಎಕ್ಸ್ ಸ್ಪೆಕ್ಟ್ರಮ್‌ನ ಮುಚ್ಚಳವನ್ನು ಝಾಡಿಸಿ ಎತ್ತಬಾರದು. ಕೀಬೋರ್ಡಿನ ಎರಡು ತೆಳು ಪಟ್ಟಿಗಳು ಬೋರ್ಡಿಗೆ ಸಿಕ್ಕಿಕೊಂಡಿರುತ್ತವೆ, ಒಣಗಿ ಹಪ್ಪಳದಂತಾಗಿರುತ್ತವೆ. ಜುಪಿಟರ್ ಏಸ್‌ನಲ್ಲಿ ಸ್ಕ್ರೂಗಳ ಬದಲು ಪ್ಲಾಸ್ಟಿಕ್ ರಿವೆಟ್‌ಗಳು, ಡಬ್ಬಿಯೂ ತೆಳ್ಳಗೆ. ಅದನ್ನು ಬಿಚ್ಚುವಾಗ ನಾನು ಉಸಿರೂ ಬಿಡುವುದಿಲ್ಲ.

"ಸರಿ, ಸರ್ಕ್ಯೂಟ್ ನಕ್ಷೆ ಸಿಗುತ್ತಲ್ವಾ, ಅದು ಸಾಲದಾ?" ಅಂತಾರೆ. ಸಾಲದು. ಕಾರ್ಖಾನೆಯಲ್ಲಿ ಕೊನೇ ಗಳಿಗೆಯಲ್ಲಿ ಏನಾಯಿತು ಎಂದು ನಕ್ಷೆಯಲ್ಲಿರುವುದಿಲ್ಲ. 1982ರ ಮೊದಲ ಸ್ಪೆಕ್ಟ್ರಮ್ ಬೋರ್ಡುಗಳನ್ನೇ ನೋಡಿ. ಯುಎಲ್ಎ ಎಂಬ ಮುಖ್ಯ ಚಿಪ್ಪಿನಲ್ಲಿ ತಪ್ಪು ಉಳಿದುಬಿಟ್ಟಿತ್ತು. ಅದನ್ನು ಸರಿಮಾಡಲು ಇನ್ನೊಂದು ಪುಟ್ಟ ಚಿಪ್ಪನ್ನು ಅಂಗಾತ ಮಲಗಿಸಿ, ಮೇಲೆದ್ದ ಕಾಲುಗಳಿಗೆ ತಂತಿ ಬೆಸೆದರು. ಅದಕ್ಕೆ ಬಿದ್ದ ಹೆಸರು "ಸತ್ತ ಜಿರಳೆ". ಫೋಟೋ ನೋಡಿದರೆ ಬೇರೆ ಹೆಸರು ಬೇಡ ಅನಿಸುತ್ತದೆ.

48ಕೆ (48 ಕಿಲೋಬೈಟ್) ಸ್ಪೆಕ್ಟ್ರಮ್‌ನ ಮೆಮೊರಿಯದು ಇನ್ನೂ ಮಜಾ. ಅದರ ಮೇಲಿನ 32ಕೆಗೆ ಹಾಕಿದ ಎಂಟು ಚಿಪ್‌ಗಳು ನಿಜಕ್ಕೂ 64 ಕಿಲೋಬಿಟ್‌ನವು. ಪರೀಕ್ಷೆಯಲ್ಲಿ ಅರ್ಧ ಭಾಗ ಕೆಟ್ಟಿದೆ ಎಂದು ಗೊತ್ತಾದದ್ದನ್ನು 32 ಕಿಲೋಬಿಟ್ ಚಿಪ್ ಎಂದು ಅಗ್ಗಕ್ಕೆ ಮಾರುತ್ತಿದ್ದರು. ಕೆಲವದರಲ್ಲಿ ಮೇಲಿನ ಅರ್ಧ ಚೆನ್ನಾಗಿರುತ್ತದೆ, ಕೆಲವದರಲ್ಲಿ ಕೆಳಗಿನದು. ಎಂಟೂ ಒಂದೇ ಥರದ್ದಾಗಿರಬೇಕು. ಯಾವ ಅರ್ಧ ಎಂದು ಹೇಳಲು ಬೋರ್ಡಿನ ಮೇಲೆ ಒಂದು ಚೂರು ತಂತಿ. ಆ ತಂತಿ ಎಲ್ಲಿ ಬೆಸೆದಿದೆ ಎಂದು ಬರೆದಿಡದೆ ಕಿತ್ತರೆ, ಆಮೇಲೆ ಮೆಮೊರಿ ಯಾಕೆ ಕೆಟ್ಟಿತು ಎಂದು ತಲೆ ಕೆರೆದುಕೊಳ್ಳಬೇಕು.

ಚಿಪ್‌ಗಳ ಮೇಲಿನ ನಾಲ್ಕಂಕಿಯನ್ನೂ ಬರೆದುಕೊಳ್ಳುತ್ತೇನೆ. 8342 ಎಂದಿದ್ದರೆ ಅದು 1983ರ 42ನೇ ವಾರ ತಯಾರಾದದ್ದು. ಬೋರ್ಡಿನ ಎಲ್ಲ ಚಿಪ್‌ಗಳೂ 1983ರವು, ಒಂದು ಮಾತ್ರ 1987ರದು ಅಂದರೆ ನಡುವೆ ಯಾರೋ ರಿಪೇರಿ ಮಾಡಿದ್ದಾರೆ. ಬೋರ್ಡಿನ ಎರಡೂ ಬದಿಯನ್ನು ಸ್ಕ್ಯಾನರ್ ಮೇಲಿಟ್ಟು ಚಿತ್ರ ತೆಗೆಯುತ್ತೇನೆ. ಸಿಸಿಡಿ ಎಂಬ ಬಗೆಯ ಬೆಳಕಿನ ಸೆನ್ಸರ್ ಇರುವ ಹಳೇ ದಪ್ಪ ಸ್ಕ್ಯಾನರೇ ಆಗಬೇಕು. ತೆಳ್ಳನೆಯವುಗಳಲ್ಲಿ ಗಾಜಿನಿಂದ ಸ್ವಲ್ಪ ಎತ್ತರವಿದ್ದರೂ ಮಬ್ಬು. ಆಮೇಲೆ ಯಾವ ಗೆರೆ ಎಲ್ಲಿಗೆ ಸೇರುತ್ತದೆ ಎಂದು ನೋಡಲು ಮಲ್ಟಿಮೀಟರ್ ಹಿಡಿದು ಗೆರೆಗೊಂದು "ಬೀಪ್". ಮನೆಯವರಿಗೆ ಇದೊಂದು ದೊಡ್ಡ ಹಿಂಸೆ.

ಎಲ್ಲವನ್ನೂ ಬಿಚ್ಚುವುದಿಲ್ಲ ನಾನು. ಸಾಕೆಟ್ಟಿನಲ್ಲಿರದೆ ಬೋರ್ಡಿಗೇ ಬೆಸೆದ ಚಿಪ್ಪನ್ನು, ಅದರ ಜೋಡಿ ಜಗತ್ತಿನಲ್ಲಿ ಇನ್ನೊಂದಿಲ್ಲ ಅನಿಸಿದರೆ, ಮುಟ್ಟುವುದಿಲ್ಲ. 2010ರಲ್ಲಿ ವಿಷುಯಲ್ 6502 ಎಂಬ ತಂಡದವರು 6502 ಎಂಬ ಪ್ರೊಸೆಸರ್ ಚಿಪ್ಪಿನ ಹೊದಿಕೆ ತೆಗೆದು, ಒಳಗಿನ ಫೋಟೋ ನೋಡಿಯೇ ಅದರ ಟ್ರಾನ್ಸಿಸ್ಟರ್‌ಗಳನ್ನೆಲ್ಲ ಗುರುತಿಸಿದರು. ಅದ್ಭುತ ಕೆಲಸ. ಆದರೆ 6502 ಬೇಕಾದಷ್ಟು ಸಿಗುತ್ತದೆ.

ಕೊನೆಗೆ ಇನ್ನೊಂದು ಪ್ರಶ್ನೆ, ನಗುತ್ತಾ ಕೇಳುವುದು: "ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯುತ್ತಲ್ವಾ?" ಒಮ್ಮೆ ಉಳಿದಿತ್ತು. ರಟ್ಟಿನಲ್ಲಿ ಅದಕ್ಕೆ ತೂತೇ ಇರಲಿಲ್ಲ. ಗಾಬರಿಯಾಯಿತು. ಮೊದಲು ಮುಚ್ಚಳ ಎತ್ತಿದ ತಕ್ಷಣ ತೆಗೆದಿದ್ದ ಫೋಟೋ ಹುಡುಕಿ ದೊಡ್ಡದು ಮಾಡಿ ನೋಡಿದೆ. ಆ ಸ್ಕ್ರೂ ಆಗಲೇ ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ನನಗಿಂತ ಮುಂಚೆ ಯಾರೋ ಬಿಚ್ಚಿದ್ದಾರೆ, ಏನೂ ಬರೆದಿಟ್ಟಿಲ್ಲ. ಅದು ಎಲ್ಲಿಯದು ಎಂದು ಇವತ್ತಿಗೂ ಪತ್ತೆಯಾಗಿಲ್ಲ.