ತಾರೀಖು ನೋಡಿ ಕೀರ್ತನೆ ಪ್ರಾರ್ಥಿಸುವುದು

ಸ್ವಂತ ಮಾತಿನಲ್ಲೇ ಪ್ರಾರ್ಥಿಸುತ್ತ ಹೋದರೆ ಕೆಲವೇ ತಿಂಗಳಲ್ಲಿ ಒಂದು ಜಾಡು ಬಿದ್ದುಬಿಡುತ್ತದೆ: ಆರೋಗ್ಯ, ಕೆಲಸ, ಮಕ್ಕಳ ಪರೀಕ್ಷೆ, ಸ್ತೋತ್ರ, ಆಮೆನ್. ಆ ಜಾಡಿನಿಂದ ನಮ್ಮನ್ನು ಎಬ್ಬಿಸಲು ಬೈಬಲಿನ ಕೀರ್ತನೆಗಳಷ್ಟು ಒಳ್ಳೆಯ ಪುಸ್ತಕ ಬೇರೆ ಇಲ್ಲ. ಆದರೆ ಅದರಲ್ಲೂ ನಾವು ತೆರೆಯುವುದು ಅದೇ 23, 91, 121ನೇ ಕೀರ್ತನೆಗಳನ್ನು. ಆಯ್ಕೆ ನಮ್ಮ ಕೈಯಲ್ಲಿರುವವರೆಗೂ ಹೀಗೇ. ಅದಕ್ಕೇ ಆಯ್ಕೆಯನ್ನು ತಾರೀಖಿಗೆ ಬಿಡಬೇಕು.

6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮದಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನೂ ವಾರದಲ್ಲಿ ಮುಗಿಸಬೇಕಿತ್ತು. 1549ರ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕ ಅದನ್ನು ತಿಂಗಳಿಗೆ ಸಡಿಲಿಸಿ, ಬೆಳಿಗ್ಗೆ ಮತ್ತು ಸಂಜೆಗೆಂದು 60 ಪಾಲು ಮಾಡಿತು. ಸಂಸಾರಸ್ಥರಿಗೆ ದಿನಕ್ಕೊಂದು ಸಾಕು. ಮೊದಲ ತಿಂಗಳು ತಾರೀಖಿನದೇ ಸಂಖ್ಯೆ. ಎರಡನೇ ತಿಂಗಳು ತಾರೀಖಿಗೆ 30 ಕೂಡಿಸಿ, ಮೂರನೆಯದರಲ್ಲಿ 60, ಹೀಗೆ ಐದು ತಿಂಗಳು. ಫೆಬ್ರವರಿಯಲ್ಲಿ ಉಳಿದದ್ದನ್ನು 31ನೇ ತಾರೀಖುಗಳಿಗೆ ಇಟ್ಟುಕೊಳ್ಳಿ.

ಹತ್ತು ನಿಮಿಷ ಬೇಕು. ತುಟಿ ಆಡುವಂತೆ, ಕಿವಿಗೆ ಬೀಳುವಂತೆ ಓದಿ. ಹೆಚ್ಚಿನ ವಚನಗಳಲ್ಲಿ ಒಂದೇ ವಿಷಯ ಎರಡು ಸಾಲಾಗಿ ಬರುತ್ತದೆ. ನಡುವೆ ಒಂದು ಉಸಿರಿನಷ್ಟು ನಿಲ್ಲಿ. ಎರಡನೇ ಸಲ ಓದುವಾಗ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ವಚನವನ್ನು ಹಿಡಿದು, ಅದನ್ನೇ ನಿಮ್ಮ ಮಾತಿನಲ್ಲಿ ದೇವರಿಗೆ ಹೇಳಿ. ಟಿಪ್ಪಣಿ, ವ್ಯಾಖ್ಯಾನ ಆಮೇಲೆ. ಮೊದಲೇ ತೆರೆದರೆ ಪ್ರಾರ್ಥನೆ ಹೋಗಿ ಪಾಠವಾಗುತ್ತದೆ.

ಜನ ಬಿಡುವುದು ಸಾಮಾನ್ಯವಾಗಿ ಎರಡು ಕಡೆ. ಮೂರು ದಿನ ತಪ್ಪಿತೆಂದು ನಾಲ್ಕನ್ನೂ ಒಟ್ಟಿಗೆ ಓದಿ ಸಾಲ ತೀರಿಸಲು ಹೊರಡುತ್ತಾರೆ. ವಾರದೊಳಗೆ ಪುಸ್ತಕ ಕಪಾಟು ಸೇರುತ್ತದೆ. ತಪ್ಪಿದ್ದು ತಪ್ಪಿತು, ಇಂದಿನ ತಾರೀಖಿನದನ್ನು ಓದಿ. ಇನ್ನೊಂದು, ಮನಸ್ಸಿಗೂ ಕೀರ್ತನೆಗೂ ತಾಳ ಕೂಡದ ದಿನ. ಮನೆಯಲ್ಲಿ ಹಬ್ಬ, ಕೈಯಲ್ಲಿ 88: ಕೊನೆಯ ಸಾಲಿನವರೆಗೂ ಕತ್ತಲೆಯೇ, ಆಶಾಕಿರಣ ಒಂದೂ ಇಲ್ಲ. ಅಂಥ ದಿನ ಐಸಿಯು ಹೊರಗೆ ಕೂತಿರುವ ಯಾರನ್ನಾದರೂ ನೆನೆದು, ಅವರ ಬದಲಿಗೆ ಓದಿ. ಬಹಳ ಜನ ಮೊದಲ ಸಲ ನಿಜವಾದ ವಿಜ್ಞಾಪನೆ, ಅಂದರೆ ಇನ್ನೊಬ್ಬರಿಗಾಗಿ ಬೇಡುವುದನ್ನು, ಕಲಿಯುವುದು ಇಲ್ಲೇ.

109 ಮತ್ತು 137 ಶಾಪದ ಮಾತಾಡುತ್ತವೆ. ಹಾರಿಸಬೇಡಿ; ಪಕ್ಕದ ಮನೆಯವರ ಹೆಸರನ್ನು ಅಲ್ಲಿ ಸೇರಿಸಲೂ ಬೇಡಿ. ಕೀರ್ತನೆಗಾರನು ಸಿಟ್ಟನ್ನೆಲ್ಲ ದೇವರ ಮುಂದೆ ಸುರಿಯುತ್ತಾನೆ, ಮುಯ್ಯಿ ತೀರಿಸುವುದನ್ನು ಆತನಿಗೇ ಬಿಡುತ್ತಾನೆ. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 12:19ರಲ್ಲಿ ಹೇಳಿದ್ದೂ ಅದನ್ನೇ.

ನಾಲ್ಕನೇ ತಿಂಗಳ 29ಕ್ಕೆ 119 ಎದುರಾಗುತ್ತದೆ, 176 ವಚನ. ಒಂದೇ ಕೂತಲ್ಲಿ ಮುಗಿಸುವ ಹಟ ಬೇಡ. ಅದು ಎಂಟೆಂಟು ವಚನಗಳ 22 ಭಾಗವಾಗಿದೆ. ಆ ದಿನ ಮೊದಲ ಎಂಟು ಓದಿ, ಉಳಿದ 21ನ್ನು ಮುಂದಿನ ದಿನಗಳ ರಾತ್ರಿ ಮಲಗುವ ಮುಂಚೆ ಒಂದೊಂದಾಗಿ ಓದಿ.