ಅದು ಸೈನ್ಸಲ್ಲಿ ಆಗಿದೆ ಅಂದುಕೊಂಡಿದ್ದೆ

ಕರಾವಳಿಯ ಸಿಬಿಎಸ್‌ಇ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಭೂಗೋಳ ಹೇಳುತ್ತೇನೆ. 2023ರ ಅಕ್ಟೋಬರ್. ಎರಡನೇ ಕಿರುಪರೀಕ್ಷೆಗೆ (ಪಿಟಿ-2) ಮುಂಚೆ ‘ಕ್ಲೈಮೇಟ್’ ಪಾಠ ಮುಗಿಸಬೇಕಿತ್ತು. ಆ ದಿನ ಅಬ್ಸರ್ವೇಶನ್‌ಗೆಂದು ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೇಸಿಗೆಯಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಅಲ್ಲಿ ಒತ್ತಡ ತಗ್ಗುತ್ತದೆ, ಗಾಳಿ ಕಡಲಿಂದ ನುಗ್ಗುತ್ತದೆ ಎನ್ನುತ್ತ ಬೋರ್ಡಿನ ಮೇಲೆ ಬಾಣ ಎಳೆಯುತ್ತಿದ್ದೆ. ಮೂರನೇ ಸಾಲಿನ ಹುಡುಗಿ ಎದ್ದಳು.

“ಟೀಚರ್, ಬಿಸಿಲು ಎರಡಕ್ಕೂ ಒಂದೇ ಅಲ್ವಾ? ನೆಲ ಯಾಕೆ ಬೇಗ ಕಾಯ್ತದೆ?”

“ಅದು ಸೈನ್ಸಲ್ಲಿ ಆಗಿದೆ, ನೆನಪು ಮಾಡ್ಕೊ.”

ಅವಳು ಸುಮ್ಮನೆ ನಿಂತಳು. ಇನ್ನೊಬ್ಬನನ್ನು ಎಬ್ಬಿಸಿದೆ, ಮತ್ತೊಬ್ಬಳನ್ನು ಎಬ್ಬಿಸಿದೆ. ಯಾರೂ ಬಾಯಿ ಬಿಡಲಿಲ್ಲ. ಹಿಂದೆ ಪ್ರಿನ್ಸಿಪಾಲರ ಪೆನ್ನು ಓಡುವುದು ಕಾಣುತ್ತಿತ್ತು. “ಕಡಲ ಬದಿಯಲ್ಲೇ ಹುಟ್ಟಿ ಇಷ್ಟೂ ಗೊತ್ತಿಲ್ವಾ? ಸೈನ್ಸ್ ಕ್ಲಾಸಲ್ಲಿ ಏನು ಮಾಡ್ತೀರಿ?” ಎಂದು ಗದರಿಬಿಟ್ಟೆ. ಗಂಟೆ ಹೊಡೆಯುವ ತನಕ ಆ ಹುಡುಗಿ ತಲೆ ಎತ್ತಲಿಲ್ಲ.

ಸ್ಟಾಫ್ ರೂಮಿನಲ್ಲಿ ದೂರು ಹೇಳಿದಾಗ ಸೈನ್ಸ್ ಮೇಡಂ ಹೊಸ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಹನ್ನೆರಡೇ ಪಾಠ. ‘ನ್ಯಾಚುರಲ್ ರಿಸೋರ್ಸಸ್’ ಇರಲಿಲ್ಲ. ಮರಳು, ನೀರು ಎರಡನ್ನೂ ಬಿಸಿಲಿಗಿಟ್ಟು ಅಳೆಯುವ ಚಟುವಟಿಕೆ ಇದ್ದದ್ದು ಅದರಲ್ಲೇ. ಕೋವಿಡ್ ನಂತರ ಹೊರೆ ಇಳಿಸಲೆಂದು 2022ರಲ್ಲಿ ನಮ್ಮ ಪಠ್ಯಪುಸ್ತಕ ತಯಾರಿಸುವ ಎನ್‌ಸಿಇಆರ್‌ಟಿ ಪಾಠಗಳನ್ನು ಕೈಬಿಟ್ಟಾಗ, ಬೇರೆ ವಿಷಯದಲ್ಲೂ ಬರುತ್ತದೆ ಎನ್ನುವುದೂ ಒಂದು ಕಾರಣವಾಗಿತ್ತು. ಏಳನೇ ತರಗತಿಯ ‘ಹೀಟ್’ ಪಾಠದಲ್ಲಿ ಕಡಲ ಗಾಳಿ ಉಳಿದಿತ್ತು, ಹೌದು. ನೆಲ ಬೇಗ ಕಾಯುತ್ತದೆ ಎಂದು ಅಲ್ಲಿ ಓದಿದ ಮಗುವೇ ಒಂಬತ್ತಕ್ಕೆ ಬಂದು ಯಾಕೆ ಎಂದು ಕೇಳುವುದು!

“ಅದು ನಿಮ್ಮ ಜಾಗ್ರಫಿಯಲ್ಲಿ ಬರ್ತದೆ ಅಂದ್ಕೊಂಡೆ” ಎಂದರು ಮೇಡಂ. ಕಡಿತದ ಪಟ್ಟಿ ಇಬ್ಬರ ಕೈಗೂ ಬಂದಿತ್ತು. ನಾನು ನನ್ನ ವಿಷಯದ ಪುಟ ಮಾತ್ರ ನೋಡಿ ಮಡಚಿಟ್ಟಿದ್ದೆ. ಪೋರ್ಷನ್ ಎಲ್ಲಿಗೆ ಬಂತು ಎಂದು ವಾರವಾರ ಕೇಳುವ ಮ್ಯಾನೇಜ್‌ಮೆಂಟ್, ಎರಡು ವಿಷಯದವರನ್ನು ಅರ್ಧ ಗಂಟೆ ಒಟ್ಟಿಗೆ ಕೂರಿಸಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಅಂಗಳದಲ್ಲಿ ಎರಡು ಬೋಗುಣಿ ಇಟ್ಟೆವು. ಮರಳು, ನೀರು ಎರಡೂ 29 ಡಿಗ್ರಿ. ಮಧ್ಯಾಹ್ನ ಒಂದು ಗಂಟೆಗೆ ಮರಳು 45, ನೀರು 34. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಜೂಲ್ ಬೇಕು, ಒಣ ಮರಳಿಗೆ 0.8ರ ಆಸುಪಾಸು ಸಾಕು ಎಂದು ಮೇಡಮ್ಮೇ ಬಂದು ಹೇಳಿಕೊಟ್ಟರು. ಹಿಂದಿನ ದಿನ ಗದರಿದ್ದಕ್ಕೆ ಎಲ್ಲರ ಎದುರು ಆ ಹುಡುಗಿಯ ಕ್ಷಮೆ ಕೇಳಿದೆ.

“ಹಾಗಾದ್ರೆ ರಾತ್ರಿ ಯಾವುದು ಮೊದಲು ತಣಿಯುತ್ತೆ ಟೀಚರ್?” ಎಂದಳು.

ಥರ್ಮಾಮೀಟರ್ ತೆಗೆಯಲಿಲ್ಲ. ಕೊನೆಯ ಬಸ್ಸಿನ ಮಕ್ಕಳು ಆರು ಗಂಟೆಯವರೆಗೆ ಓದಿ ಬರೆದಿಟ್ಟು ಹೋದರು.