ಅಂಕವಹಿಯಿಂದ ಹುಳುಮನೆಯವರೆಗೆ: ಶಿಡ್ಲಘಟ್ಟದ ಶಿಕ್ಷಕರೊಂದಿಗೆ ಕೋಷ್ಟಕ ತಂತ್ರಾಂಶದ ಕಲಿಕೆ, ಈವರೆಗಿನ ಪ್ರಗತಿ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಕ್ಲಸ್ಟರ್‌ನ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಕಚೇರಿ ತಂತ್ರಾಂಶಗಳನ್ನು ಕಲಿಸುವ ಕೆಲಸವನ್ನು ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ಕೈಗೆತ್ತಿಕೊಂಡೆ. ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ದುಡಿದ ನನಗೆ ಸಾಲು ಮತ್ತು ಕಾಲಂಗಳಲ್ಲಿ ಮಾಹಿತಿ ತುಂಬಿ ಲೆಕ್ಕ ಮಾಡುವ ಕೋಷ್ಟಕ ತಂತ್ರಾಂಶವು (ಸ್ಪ್ರೆಡ್‌ಶೀಟ್) ದಿನನಿತ್ಯದ ಸಲಕರಣೆಯಾಗಿತ್ತು. ಅದೇ ಸಲಕರಣೆಯನ್ನು ಶಿಕ್ಷಕರು ಮಕ್ಕಳ ಮುಂದೆ, ಪಾಠದ ಭಾಗವಾಗಿ ಬಳಸುವಂತಾಗಬೇಕು ಎಂಬುದು ನನ್ನ ಉದ್ದೇಶ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಇಷ್ಟವಿರುವ ಶಿಕ್ಷಕರು ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಸೇರುತ್ತಾರೆ. ಇದೇ ಬಗೆಯ ಕೆಲಸ ಮಾಡುವವರಿಗೆ ಉಪಯೋಗವಾದೀತೆಂದು ಇದುವರೆಗೆ ಆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜೂನ್

ಶಿಕ್ಷಕರಿಗೆ ಕಂಪ್ಯೂಟರ್ ಹೊಸದಲ್ಲ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ದಾಖಲಾತಿ ಮತ್ತು ಅಂಕಗಳನ್ನು ತುಂಬುವುದು, ಬಿಸಿಯೂಟದ ವರದಿ ಕಳುಹಿಸುವುದು, ಇಲಾಖೆ ಕೇಳಿದ ನಮೂನೆಯನ್ನು ಅದೇ ದಿನ ಸಂಜೆಯೊಳಗೆ ಭರ್ತಿ ಮಾಡುವುದು ಇವೆಲ್ಲ ಅವರಿಗೆ ರೂಢಿಯಾಗಿವೆ. ಆದರೆ ಹೀಗೆ ತುಂಬಿದ ಮಾಹಿತಿ ಮೇಲಕ್ಕೆ ಹೋಗುತ್ತದೆಯೇ ಹೊರತು ಅವರ ಪಾಠಕ್ಕೆ ಸಹಾಯವಾಗುವ ರೂಪದಲ್ಲಿ ಅವರ ಕೈಗೆ ಮರಳುವುದು ವಿರಳ. ಹಾಗಾಗಿ ಕಂಪ್ಯೂಟರ್ ಎಂದರೆ ಇನ್ನೊಂದು ಹೊರೆ ಎಂಬ ಭಾವನೆ ಬೇರೂರಿದೆ, ಮತ್ತು ಆ ಭಾವನೆಗೆ ಕಾರಣವೂ ಇದೆ. ತರಬೇತಿಯಲ್ಲಿ ಮೆನುಗಳನ್ನು ಒಂದೊಂದಾಗಿ ತೋರಿಸುತ್ತ ಹೋದರೆ ಈ ಭಾವನೆ ಕದಲುವುದಿಲ್ಲ. ಶಿಕ್ಷಕರು ಈಗಾಗಲೇ ಕೈಯಿಂದ ಮಾಡುತ್ತಿರುವ ಒಂದು ಕೆಲಸವನ್ನು ಹಿಡಿದು, ಅದರಿಂದ ಅವರ ತರಗತಿಗೆ ಹೊಸದೇನಾದರೂ ದೊರೆಯುವವರೆಗೆ ಕೊಂಡೊಯ್ಯಬೇಕೆಂದು ನಿರ್ಧರಿಸಿದೆ. ಆ ಕೆಲಸವೆಂದರೆ ಅಂಕವಹಿ.

ತಂತ್ರಾಂಶವಾಗಿ ಲಿಬ್ರೆಆಫೀಸ್ ಅನ್ನು ಆರಿಸಿಕೊಂಡೆವು. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಪರವಾನಗಿಗೆ ಹಣ ಕೊಡಬೇಕಾಗಿಲ್ಲ, ಎಷ್ಟು ಯಂತ್ರಗಳಲ್ಲಿ ಬೇಕಾದರೂ ಅಳವಡಿಸಬಹುದು, ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಕೊನೆಯ ಗುಣವೇ ನಮ್ಮ ಶಾಲೆಗಳಿಗೆ ಹೆಚ್ಚು ಮುಖ್ಯ. ಇದರ ಮೂಲ ಕಡತ ಸ್ವರೂಪವಾದ ಓಡಿಎಫ್ 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಆದರೂ ಶಿಕ್ಷಕರು ಪರಸ್ಪರ ಕಡತಗಳನ್ನು ಕಳುಹಿಸುವುದು ಫೋನ್ ಮೂಲಕವೇ ಆದ್ದರಿಂದ, ಹಂಚುವ ಪ್ರತಿಯನ್ನು ಎಕ್ಸೆಲ್ ಸ್ವರೂಪದಲ್ಲಿ ಅಥವಾ ಪಿಡಿಎಫ್ ಆಗಿ ಉಳಿಸುವುದನ್ನು ಮೊದಲ ವಾರವೇ ಅಭ್ಯಾಸ ಮಾಡಿಸಿದೆ. ಮನೆಯಲ್ಲಿ ಮತ್ತೆ ನೋಡಿಕೊಳ್ಳಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕನ್ನಡ ಪಾಠಗಳು ಚೆನ್ನಾಗಿವೆ. ಅವು ಚಿಕ್ಕವು, ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಮಾಡಿ ತೋರಿಸುತ್ತವೆ.

ಜುಲೈ

ಈ ತಿಂಗಳೆಲ್ಲ ಕನ್ನಡ ಟೈಪಿಂಗ್‌ಗೆ ಹೋಯಿತು. ಶಾಲೆಗಳಲ್ಲಿರುವ ಹಳೆಯ ಕಡತಗಳಲ್ಲಿ ಹೆಚ್ಚಿನವು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಅಂಥ ಕಡತದಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅವು ತಮ್ಮ ನಿಜರೂಪದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಬರೀ ಪತ್ರ ಮುದ್ರಿಸುವವರಿಗೆ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕೋಷ್ಟಕದಲ್ಲಿ ಮಾತ್ರ ಇದು ಕೆಲಸವನ್ನೇ ಕೆಡಿಸುತ್ತದೆ: ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಯಂತ್ರವು ರೋಮನ್ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ, ಮತ್ತು ಒಂದು ಹಾಳೆಯಲ್ಲಿ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಸಂಕೇತಗಳಲ್ಲಿ, ಇರುವ ಹೆಸರನ್ನು ಇನ್ನೊಂದು ಹಾಳೆಯಲ್ಲಿ ಹಳೆಯ ಫಾಂಟ್‌ನಲ್ಲಿರುವ ಅದೇ ಹೆಸರಿನೊಂದಿಗೆ ಹೊಂದಿಸಲು ಅದಕ್ಕೆ ಸಾಧ್ಯವೇ ಆಗುವುದಿಲ್ಲ.

ಸಮಾಧಾನದ ವಿಷಯವೆಂದರೆ ಕೀಲಿಮಣೆಯ ವಿನ್ಯಾಸವನ್ನು ಯಾರೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ ಕೀಲಿಮಣೆಯೇ ಯುನಿಕೋಡ್‌ನಲ್ಲೂ ದೊರೆಯುತ್ತದೆ. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ಅಭ್ಯಾಸವಿದ್ದ ಹಿರಿಯ ಶಿಕ್ಷಕರ ಕೈ ಹಾಗೆಯೇ ಓಡಿತು. ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಂದೆವು. ಆ ಕಡತಗಳ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಬದಲಿಸುತ್ತದೆ. ಆದ್ದರಿಂದ ಪರಿವರ್ತನೆಯ ನಂತರ ಸಾಲುಸಾಲಾಗಿ ಓದಿ ನೋಡುವುದನ್ನು ಬಿಡುವಂತಿಲ್ಲ.

ಆಗಸ್ಟ್ ಮತ್ತು ಸೆಪ್ಟೆಂಬರ್

ನಮ್ಮ ರಾಜ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ವರ್ಷಕ್ಕೆ ಕಲಿಕೆಯ ನಡುವೆ ನಡೆಯುವ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಯಲ್ಲಿ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಇವುಗಳ ಅಂಕಗಳನ್ನು ಕ್ರೋಢೀಕರಿಸಿ ಶ್ರೇಣಿ ಬರೆಯುವುದು ಪ್ರತಿ ಶಿಕ್ಷಕರಿಗೂ ದೀರ್ಘವಾದ ಕೆಲಸ. ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳು ಕೈಯಲ್ಲಿದ್ದಾಗಲೇ ಇದನ್ನು ಆರಂಭಿಸಿದ್ದರಿಂದ ಯಾರೂ ಕಾಲ್ಪನಿಕ ಅಂಕಗಳ ಮೇಲೆ ಅಭ್ಯಾಸ ಮಾಡಬೇಕಾಗಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯದ ಮೇಲೆ ಒಂದು ಮಧ್ಯಾಹ್ನವಿಡೀ ಚರ್ಚೆ ನಡೆಯಿತು: ಪರೀಕ್ಷೆಗೆ ಬಾರದ ಮಗುವಿನ ಚೌಕದಲ್ಲಿ ಏನು ಬರೆಯಬೇಕು? ಸೊನ್ನೆ ಬರೆಯುವವರಿದ್ದರು, ಖಾಲಿ ಬಿಡುವವರಿದ್ದರು, ಗೈರು ಎಂದು ಬರೆಯುವವರೂ ಇದ್ದರು. ಐದು ಮಕ್ಕಳಲ್ಲಿ ನಾಲ್ವರಿಗೆ 18, 15, 12, 20 ಅಂಕಗಳು ಬಂದು ಒಬ್ಬರು ಗೈರಾಗಿದ್ದಾರೆ ಎಂದುಕೊಳ್ಳೋಣ. ಗೈರಾದವರಿಗೆ ಸೊನ್ನೆ ಹಾಕಿದರೆ ಸರಾಸರಿ 13 ಆಗುತ್ತದೆ. ಗೈರು ಎಂದು ಬರೆದರೆ ಅಥವಾ ಖಾಲಿ ಬಿಟ್ಟರೆ ಸರಾಸರಿಯ ಸೂತ್ರವು ಆ ಚೌಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 16.25 ಎಂದು ತೋರಿಸುತ್ತದೆ. ಮೊದಲನೆಯ ಸಂಖ್ಯೆ ನೋಡಿದವರು ಮಕ್ಕಳಿಗೆ ಪಾಠ ಅರ್ಥವಾಗಿಲ್ಲ ಎಂದುಕೊಳ್ಳುತ್ತಾರೆ. ಎರಡನೆಯದನ್ನು ನೋಡಿದವರಿಗೆ ಬಂದ ಮಕ್ಕಳು ಕಲಿತಿದ್ದಾರೆ, ಬಾರದ ಮಗುವಿನ ಮನೆಗೆ ಹೋಗಿ ಬರಬೇಕು ಎಂಬುದು ತಿಳಿಯುತ್ತದೆ. ಇದು ತಂತ್ರಾಂಶದ ಪಾಠಕ್ಕಿಂತ ಹೆಚ್ಚಾಗಿ ಮೌಲ್ಯಮಾಪನದ ಪಾಠ. ಇಂಥ ಪ್ರಶ್ನೆಗಳು ತಾವಾಗಿಯೇ ಮೇಲೆದ್ದು ಬರುವುದರಿಂದಲೇ ಕೋಷ್ಟಕವನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕೆಂದು ನಾನು ನಂಬಿದ್ದೇನೆ. ಎಲ್ಲ ಶಾಲೆಗಳೂ ಗೈರು ಎಂದೇ ಬರೆಯುವುದೆಂದು ಶಿಕ್ಷಕರು ತಾವೇ ತೀರ್ಮಾನಿಸಿದರು.

ಶ್ರೇಣಿಯ ಕೆಲಸ ಇನ್ನಷ್ಟು ಕಲಿಸಿತು. ಶೇಕಡ 90 ಮತ್ತು ಮೇಲ್ಪಟ್ಟು ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. ಶಿಕ್ಷಕರು ಈ ಪಟ್ಟಿಯನ್ನು ಎ ಪ್ಲಸ್‌ನಿಂದ ಕೆಳಕ್ಕೆ ಬರೆಯುವುದು ವಾಡಿಕೆ. ಅಂಕಕ್ಕೆ ತಕ್ಕ ಶ್ರೇಣಿಯನ್ನು ಪಟ್ಟಿಯಿಂದ ಹುಡುಕಿ ತರುವ ವಿ-ಲುಕಪ್ ಸೂತ್ರವು ವ್ಯಾಪ್ತಿಗಳನ್ನು ಹುಡುಕುವಾಗ ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದೇ ಭಾವಿಸಿಕೊಂಡು ಕೆಲಸ ಮಾಡುತ್ತದೆ. ಆದ್ದರಿಂದ ಸೊನ್ನೆಗೆ ಸಿ ಎಂಬುದು ಮೊದಲ ಸಾಲಾಗಿ, 90ಕ್ಕೆ ಎ ಪ್ಲಸ್ ಎಂಬುದು ಕೊನೆಯ ಸಾಲಾಗಿ ಇರಬೇಕು. ಪಟ್ಟಿ ತಲೆಕೆಳಗಾಗಿದ್ದರೆ ಎಲ್ಲ ಸಲವೂ ದೋಷದ ಸೂಚನೆ ಬರುತ್ತದೆಂದಿಲ್ಲ, ಕೆಲವೊಮ್ಮೆ ತಪ್ಪು ಶ್ರೇಣಿಯೇ ಬಂದು ಕೂರುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ಗಡಿಯ ಅಂಕಗಳನ್ನು, ಅಂದರೆ 29, 30, 49, 50, 69, 70, 89, 90 ಇವನ್ನು, ಒಂದು ಪರೀಕ್ಷಾ ಹಾಳೆಯಲ್ಲಿ ತುಂಬಿ ನೋಡಿದ ಮೇಲೆಯೇ ನಿಜವಾದ ಅಂಕಗಳಿಗೆ ಸೂತ್ರ ಹಾಕುವ ಪದ್ಧತಿಯನ್ನು ರೂಢಿಸಿದ್ದೇವೆ. 89.5 ಬಂದರೆ ಏನು ಎಂದು ಹಿಂದಿ ಶಿಕ್ಷಕಿಯೊಬ್ಬರು ಕೇಳಿದರು. ಪೂರ್ಣಾಂಕಗೊಳಿಸದೆ ಹುಡುಕಿದರೆ ಆ ಮಗು ಎ ಶ್ರೇಣಿಯಲ್ಲಿ ಉಳಿಯುತ್ತದೆ, ಪೂರ್ಣಾಂಕಗೊಳಿಸಿದರೆ ಎ ಪ್ಲಸ್‌ಗೆ ಹೋಗುತ್ತದೆ. ಎರಡರಲ್ಲಿ ಯಾವುದು ನ್ಯಾಯ ಎಂಬುದನ್ನು ಶಿಕ್ಷಕರು ನಿರ್ಧರಿಸಬೇಕು, ಯಂತ್ರಕ್ಕೆ ಬಿಡಬಾರದು ಎಂದು ಹೇಳಿದೆ.

ಇಷ್ಟಾದರೂ ಇದು ಕಚೇರಿಯ ಕೆಲಸವೇ. ಪಾಠದ ಕಡೆಗೆ ತಿರುವು ದೊರೆತದ್ದು ಪ್ರಶ್ನಾವಾರು ಹಾಳೆಯಿಂದ. ಸಾಲಿಗೊಂದು ಮಗು, ಕಾಲಂಗೊಂದು ಪ್ರಶ್ನೆ. ಸರಿಯಿದ್ದರೆ ಒಂದು, ತಪ್ಪಿದ್ದರೆ ಸೊನ್ನೆ. ಅಡ್ಡಕ್ಕೆ ಕೂಡಿದರೆ ಮಗುವಿನ ಅಂಕ ಬರುತ್ತದೆ, ಅದನ್ನು ಎಲ್ಲರೂ ಮಾಡುತ್ತಾರೆ. ಕೆಳಕ್ಕೆ ಕೂಡಿದರೆ ಆ ಪ್ರಶ್ನೆ ತರಗತಿಯಲ್ಲಿ ಎಷ್ಟು ಜನರಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಏಳನೇ ತರಗತಿಯ ಗಣಿತ ಶಿಕ್ಷಕರೊಬ್ಬರು ಹೀಗೆ ಮಾಡಿದಾಗ, ಭಿನ್ನರಾಶಿಗಳ ಸಂಕಲನದ ಲೆಕ್ಕಗಳು ಬಹುತೇಕ ಎಲ್ಲರಿಗೂ ಬಂದಿದ್ದು, ಅದೇ ಲೆಕ್ಕ ವಾಕ್ಯರೂಪದಲ್ಲಿದ್ದ ಕಾಲಂ ಮಾತ್ರ ಸೊನ್ನೆಗಳಿಂದ ತುಂಬಿತ್ತು. ಅಡ್ಡಕ್ಕೆ ಕೂಡಿದ ಅಂಕಗಳಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅವರು ಮುಂದಿನ ವಾರ ಹೊಸ ಅಧ್ಯಾಯಕ್ಕೆ ಹೋಗದೆ, ಕನ್ನಡ ಶಿಕ್ಷಕಿಯ ಜೊತೆ ಸೇರಿ ಲೆಕ್ಕದ ವಾಕ್ಯಗಳನ್ನು ಓದಿಸುವ ಪಾಠ ಮಾಡಿದರು. ಈ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಫಲಿತಾಂಶ ಇದೇ.

ಅಕ್ಟೋಬರ್ ರಜೆಯ ನಂತರ

ದಸರಾ ರಜೆ ಮುಗಿದ ಮೇಲೆ ಮಕ್ಕಳ ಕೈಗೆ ಕೋಷ್ಟಕ ಕೊಡುವ ಹಂತ ಬಂತು. ಶಿಡ್ಲಘಟ್ಟದಲ್ಲಿ ಇದಕ್ಕೆ ವಿಷಯ ಹುಡುಕಬೇಕಾಗಿಲ್ಲ. ಗೂಡು ಮಾರುಕಟ್ಟೆಯ ಊರಿದು, ಅನೇಕ ಮಕ್ಕಳ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದು ಬೆಳೆಯ ಅವಧಿಯಲ್ಲಿ ಹುಳುಮನೆಯ ಉಷ್ಣಾಂಶ ಮತ್ತು ತೇವಾಂಶವನ್ನು ದಿನಕ್ಕೆ ಮೂರು ಹೊತ್ತು ಬರೆದು ತರುವಂತೆ ವಿಜ್ಞಾನ ಶಿಕ್ಷಕಿಯೊಬ್ಬರು ಎಂಟನೇ ತರಗತಿಯ ಮಕ್ಕಳಿಗೆ ಹೇಳಿದರು. ಅವರು ಒಂದೇ ಲ್ಯಾಪ್‌ಟಾಪ್ ಅನ್ನು ಟಿವಿಗೆ ಜೋಡಿಸಿ, ಒಂದು ಮಗು ಓದುವಂತೆ, ಇನ್ನೊಂದು ಟೈಪ್ ಮಾಡುವಂತೆ, ಉಳಿದವರು ಪರದೆ ನೋಡಿ ತಪ್ಪು ಹಿಡಿಯುವಂತೆ ತರಗತಿಯನ್ನು ನಡೆಸಿದರು. ಕಂಪ್ಯೂಟರ್ ಕೊಠಡಿ ಇಲ್ಲದ ಶಾಲೆಗಳಿಗೆ ಈ ವಿಧಾನವೇ ಸೂಕ್ತ ಎಂದು ನನಗೆ ಅನಿಸಿದೆ.

ಚಾಕಿ ಹಂತದ ಎಳೆಯ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇಕಡ 85ರಿಂದ 90ರಷ್ಟು ತೇವಾಂಶ ಬೇಕು. ಬೆಳೆದ ಹುಳುಗಳಿಗೆ 24-25 ಡಿಗ್ರಿ, ತೇವಾಂಶ ಶೇಕಡ 65ರಿಂದ 70 ಸಾಕು. ಈ ಮಿತಿಗಳನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದು, ಮಿತಿ ಮೀರಿದ ಚೌಕಗಳು ತಾವಾಗಿಯೇ ಬಣ್ಣ ತಳೆಯುವಂತೆ ಮಾಡಿದೆವು. ಮೇಲಿನ ಚೌಕವನ್ನು ಎಲ್ಲ ಸಾಲುಗಳೂ ನೋಡಬೇಕಾದರೆ, ಸೂತ್ರದಲ್ಲಿ ಆ ಚೌಕದ ವಿಳಾಸ ಬದಲಾಗದಂತೆ ಹಿಡಿದಿಡುವ ಡಾಲರ್ ಚಿಹ್ನೆ ಏಕೆ ಬೇಕು ಎಂಬುದು ಶಿಕ್ಷಕರಿಗೆ ಸ್ಪಷ್ಟವಾದದ್ದು ಇಲ್ಲಿಯೇ. ಅಂಕವಹಿಯಲ್ಲಿ ಅದನ್ನು ಹೇಳಿದಂತೆ ಹಾಕಿದ್ದರೇ ಹೊರತು ಕಾರಣ ತಿಳಿದಿರಲಿಲ್ಲ. ಮಕ್ಕಳು ತಾವಾಗಿಯೇ ಒಂದು ಕಾಲಂ ಸೇರಿಸಿದರು: ಒಂದನೇ ಜ್ವರ, ಎರಡನೇ ಜ್ವರ ಎಂದು ಹುಳುಗಳು ಪೊರೆ ಕಳಚುವ ದಿನಗಳು. ನಾಲ್ಕು ಜ್ವರಗಳ ಗುರುತು ಬಿದ್ದ ಮೇಲೆ ಹಾಳೆಯಲ್ಲಿ ಐದು ಹಂತಗಳು ತಾವಾಗಿಯೇ ಬೇರ್ಪಟ್ಟವು. ಪಠ್ಯದಲ್ಲಿ ಒಂದು ಚಿತ್ರವಾಗಿ ಬರುವ ಜೀವನಚಕ್ರವು ಇಲ್ಲಿ ಅವರ ಮನೆಯ ದಿನಾಂಕಗಳೊಂದಿಗೆ ಬಂತು.

ಗ್ರಾಫ್ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ತಂತ್ರಾಂಶವು ಲಂಬ ಅಕ್ಷದ ಆರಂಭವನ್ನು ತಾನೇ ಆರಿಸಿಕೊಳ್ಳುತ್ತದೆ. 24ರಿಂದ 28ರ ನಡುವಿನ ಉಷ್ಣಾಂಶಗಳನ್ನು ಅದು ಹಾಳೆಯ ಉದ್ದಕ್ಕೂ ಎಳೆದಾಗ ಒಂದು ಡಿಗ್ರಿಯ ವ್ಯತ್ಯಾಸ ನಂದಿ ಬೆಟ್ಟದಷ್ಟು ಎತ್ತರವಾಗಿ ಕಾಣುತ್ತದೆ. ಅದೇ ಅಂಕಿಗಳನ್ನು ಸೊನ್ನೆಯಿಂದ ಆರಂಭವಾಗುವ ಅಕ್ಷದಲ್ಲಿ ಎಳೆದರೆ ಗೆರೆ ಬಹುತೇಕ ಮಟ್ಟಸವಾಗುತ್ತದೆ. ಶಿಕ್ಷಕಿಯು ಎರಡನ್ನೂ ಅಕ್ಕಪಕ್ಕ ಇಟ್ಟು, ಹುಳುವಿನ ಆರೋಗ್ಯಕ್ಕೆ ಒಂದು ಡಿಗ್ರಿ ಮುಖ್ಯವಾದ್ದರಿಂದ ಇಲ್ಲಿ ಮೊದಲನೆಯದೇ ಸರಿ, ಆದರೆ ಯಾವ ಗ್ರಾಫ್ ನೋಡಿದರೂ ಮೊದಲು ಅಕ್ಷ ಎಲ್ಲಿಂದ ಆರಂಭವಾಗುತ್ತದೆ ಎಂದು ನೋಡಿ ಎಂದು ಮಕ್ಕಳಿಗೆ ಹೇಳಿದರು. ಅದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಡಿಸೆಂಬರ್

ಇದೇ ಬಣ್ಣದ ವಿಧಾನವನ್ನು ಮತ್ತೊಬ್ಬ ಶಿಕ್ಷಕರು ಕುಡಿಯುವ ನೀರಿಗೆ ಬಳಸಿದ್ದಾರೆ. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಅನುಮತಿ. ಪಂಚಾಯಿತಿಯಿಂದ ಪಡೆದ ಪರೀಕ್ಷಾ ಫಲಿತಾಂಶಗಳನ್ನು ಮಕ್ಕಳು ತುಂಬಿದಾಗ ಹಾಳೆಯಲ್ಲಿ ಮೂರು ಬಣ್ಣಗಳು ಕಾಣಿಸಿದವು. ದಶಮಾಂಶ ಸಂಖ್ಯೆಗಳ ಹೋಲಿಕೆಯನ್ನು ಕಲಿಸಲು ಇದಕ್ಕಿಂತ ಅರ್ಥಪೂರ್ಣ ಉದಾಹರಣೆ ನನಗೆ ಗೊತ್ತಿಲ್ಲ.

ಸ್ಲೈಡ್‌ಗಳನ್ನು ಮಾಡುವ ಇಂಪ್ರೆಸ್‌ಗೆ ಕಡಿಮೆ ಸಮಯ ಕೊಟ್ಟಿದ್ದೇನೆ. ಪಠ್ಯಪುಸ್ತಕದ ವಾಕ್ಯಗಳನ್ನೇ ಸ್ಲೈಡ್‌ಗೆ ಹಾಕಿ ಓದಿದರೆ ಮಗುವಿಗೆ ಹೊಸದೇನೂ ಸಿಗುವುದಿಲ್ಲ. ದೊಡ್ಡದಾಗಿ ತೋರಿಸಬೇಕಾದ ನಕ್ಷೆ ಅಥವಾ ಚಿತ್ರ ಇದ್ದಾಗ ಮಾತ್ರ ಅದು ಬೇಕಾಗುತ್ತದೆ. ಪೋಷಕರ ಸಭೆಯ ಆಹ್ವಾನವನ್ನು ಪ್ರತಿ ಮಗುವಿನ ಹೆಸರಿನೊಂದಿಗೆ ಮುದ್ರಿಸುವ ಮೇಲ್ ಮರ್ಜ್ ಎಲ್ಲರಿಗೂ ಬೇಗ ಬಂತು.

ಮಾಹಿತಿಯ ಗೌಪ್ಯತೆಗೆ ಕೆಲವು ಕಟ್ಟುನಿಟ್ಟಿನ ನಿಯಮಗಳನ್ನು ಮಾಡಿಕೊಂಡಿದ್ದೇವೆ. ಟಿವಿ ಪರದೆಯ ಮೇಲೆ ಅಂಕಗಳನ್ನು ತೋರಿಸುವಾಗ ಹೆಸರಿನ ಕಾಲಂ ಮರೆಯಾಗಿರಬೇಕು. ಜಾತಿ ಮತ್ತು ಆಧಾರ್ ಸಂಖ್ಯೆಯ ಕಾಲಂಗಳು ಅಭ್ಯಾಸದ ಕಡತದಲ್ಲಿ ಇರಲೇಬಾರದು. ಅಂಕಗಳ ಕಡತ ಪೆನ್‌ಡ್ರೈವ್‌ನಲ್ಲಿ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬಾರದು. ಕಡಿಮೆ ಅಂಕ ಪಡೆದ ಮಗು ತನ್ನ ಹೆಸರನ್ನು ಪರದೆಯ ಮೇಲೆ ನೋಡುವಂತಾದರೆ, ಆ ಒಂದು ಪಾಠದಿಂದ ಆಗುವ ಹಾನಿಯನ್ನು ಯಾವ ಗ್ರಾಫ್ ಕೂಡ ತುಂಬಿಕೊಡಲಾರದು.

ಈಗ ಬಾಕಿ ಇರುವುದು

ಪ್ರಶ್ನಾವಾರು ಹಾಳೆಯನ್ನು ಕನ್ನಡ ಮತ್ತು ಸಮಾಜ ವಿಜ್ಞಾನ ಶಿಕ್ಷಕರು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಪ್ರಬಂಧದಂಥ ಉತ್ತರವನ್ನು ಒಂದು ಮತ್ತು ಸೊನ್ನೆಯಲ್ಲಿ ಹಿಡಿಯಲಾಗದು ಎಂಬ ಅವರ ಮಾತು ಸರಿಯಾಗಿದೆ. ಅದಕ್ಕಾಗಿ ವಿಷಯ, ಕ್ರಮ, ಭಾಷೆ, ಕಾಗುಣಿತ ಎಂದು ಬೇರೆ ಬೇರೆ ಕಾಲಂಗಳಿರುವ, ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಇನ್ನೊಂದು ಹಾಳೆಯನ್ನು ಕನ್ನಡ ಶಿಕ್ಷಕಿಯರೇ ಸಿದ್ಧಪಡಿಸುತ್ತಿದ್ದಾರೆ. ಬಾಗೇಪಲ್ಲಿ ಕಡೆಯ ಶಾಲೆಯೊಂದರಿಂದ ಬಂದ ಕೋರಿಕೆಯೂ ಇದೆ: ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗಾಗಿ ಕನ್ನಡ ಪದ, ತೆಲುಗು ಪದ, ಚಿತ್ರ ಇವುಗಳ ಪಟ್ಟಿಯನ್ನು ಮಕ್ಕಳಿಂದಲೇ ತುಂಬಿಸಿ, ಪಾಠವಾರು ವಿಂಗಡಿಸಿ ಮುದ್ರಿಸಿಕೊಳ್ಳಬೇಕಂತೆ. ಎರಡನೇ ಸಂಕಲನಾತ್ಮಕ ಮೌಲ್ಯಮಾಪನಕ್ಕೆ ಮೊದಲು ಪ್ರಬಂಧದ ಹಾಳೆಯನ್ನು ಒಂದು ತರಗತಿಯಲ್ಲಿ ಪರೀಕ್ಷಿಸಿ, ಪದಪಟ್ಟಿಯ ಕೆಲಸವನ್ನು ಬೇಸಿಗೆ ರಜೆಯಲ್ಲಿ ಆರಂಭಿಸುವುದೆಂದು ಗೊತ್ತುಮಾಡಿಕೊಂಡಿದ್ದೇವೆ.